ಜಿಮ್ ಇಲ್ಲದೆ, ಆಡುತ್ತಾಡುತ್ತಾ ವ್ಯಾಯಾಮ: ಚಿತ್ರದುರ್ಗದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದ ಒಂದು ಪ್ರೌಢಶಾಲೆಯಲ್ಲಿ 26 ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೆ. ನಿವೃತ್ತಿಯ ನಂತರ ನಮ್ಮ ಬಡಾವಣೆಯ ಮೈದಾನದಲ್ಲಿ ಬೆಳಗಿನ ಹೊತ್ತು ದೊಡ್ಡವರ ಒಂದು ಗುಂಪಿನೊಂದಿಗೆ ಆಡುತ್ತಿದ್ದೇನೆ. ಬ್ಯಾಂಕ್ ನೌಕರರು, ಗೃಹಿಣಿಯರು, ಎ.ಪಿ.ಎಂ.ಸಿ.ಯಲ್ಲಿ ಲೆಕ್ಕ ಬರೆಯುವವರು, ನಿವೃತ್ತ ಉಪನ್ಯಾಸಕರು ಎಲ್ಲರೂ ಅದರಲ್ಲಿದ್ದಾರೆ. ಹೊಸದಾಗಿ ಬರುವವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಅವುಗಳಿಗೆ ನಾನು ಕೊಡುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಜಿಮ್‌ಗೆ ಸೇರದೆ, ಬರೀ ಆಟ ಮತ್ತು ನಡಿಗೆಯಿಂದ ದೇಹಕ್ಕೆ ಬೇಕಾದಷ್ಟು ವ್ಯಾಯಾಮ ಸಿಗುತ್ತದೆಯೇ?

ಖಂಡಿತ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷಗಳ ತೀವ್ರ ಶ್ರಮ ಬೇಕು. ಇದರ ಜೊತೆಗೆ ವಾರದಲ್ಲಿ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ಚಟುವಟಿಕೆ ಇರಬೇಕು. ಈ ಶ್ರಮ ಯಂತ್ರದ ಮೇಲೆಯೇ ನಡೆಯಬೇಕೆಂದು ಅದರಲ್ಲಿ ಎಲ್ಲಿಯೂ ಹೇಳಿಲ್ಲ. ಒಮ್ಮೆಗೆ ಕನಿಷ್ಠ 10 ನಿಮಿಷವಾದರೂ ಮಾಡಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂದು ಹಿಂದಿನ ಮಾರ್ಗಸೂಚಿಯಲ್ಲಿದ್ದ ಮಾತನ್ನೂ 2020ರಲ್ಲಿ ಕೈಬಿಡಲಾಗಿದೆ. ಆದ್ದರಿಂದ ಮೊಮ್ಮಗಳ ಜೊತೆ ನಾಲ್ಕು ನಿಮಿಷ ಜೂಟಾಟ ಆಡಿದ್ದೂ ಲೆಕ್ಕಕ್ಕೆ ಸೇರುತ್ತದೆ.

ಶ್ರಮದ ಮಟ್ಟವನ್ನು ತಿಳಿಯಲು ಗಡಿಯಾರದಂಥ ಉಪಕರಣವೂ ಬೇಕಿಲ್ಲ. ಮಾತನಾಡಲು ಸಾಧ್ಯವಿದ್ದು ಹಾಡಲು ಆಗದಿದ್ದರೆ ಅದು ಮಧ್ಯಮ ಶ್ರಮ. ನಾಲ್ಕು ಪದ ಆಡುವಷ್ಟರಲ್ಲಿ ಉಸಿರಿಗಾಗಿ ನಿಲ್ಲಬೇಕಾದರೆ ಅದು ತೀವ್ರ ಶ್ರಮ.

ಜಿಮ್ ಎಂಬುದು ನಮ್ಮ ಕಡೆಗೆ ಬಂದು ಬಹಳ ಕಾಲವಾಗಿಲ್ಲ. ಅದಕ್ಕೂ ಮೊದಲು ದಾವಣಗೆರೆಯಲ್ಲಿ ಗರಡಿ ಮನೆಗಳಿದ್ದವು, ಈಗಲೂ ಇವೆ. ದುಗ್ಗಮ್ಮನ ಜಾತ್ರೆಯ ಕುಸ್ತಿ ಅಖಾಡದಲ್ಲಿ ಇಳಿಯುವ ಪೈಲ್ವಾನರು ದಂಡ, ಬಸ್ಕಿ, ಗದೆ, ಕೆಮ್ಮಣ್ಣು ಇಷ್ಟರಿಂದಲೇ ಮೈ ಕಟ್ಟಿದವರ ಪರಂಪರೆಗೆ ಸೇರಿದವರು. ಜಿಮ್‌ನಲ್ಲಿ ಸಂತೋಷ ಕಾಣುವವರನ್ನು ನಾನು ಬೇಡವೆನ್ನುವುದಿಲ್ಲ. ಆದರೆ ಶುಲ್ಕ ಕಟ್ಟಲಾಗದೆ, ಅಥವಾ ಕಟ್ಟಿಯೂ ಹೋಗಲಾಗದೆ, ವ್ಯಾಯಾಮವೇ ತಮ್ಮ ಪಾಲಿಗಿಲ್ಲ ಎಂದುಕೊಂಡವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ವ್ಯಾಯಾಮವೆಂದರೆ ನನಗೆ ಮೊದಲಿನಿಂದಲೂ ಬೇಸರ. ಇದು ನನ್ನ ಸೋಮಾರಿತನವೇ?

ಅಲ್ಲವೆಂದೇ ನಾನು ನಂಬುತ್ತೇನೆ, ಮತ್ತು ಈ ಬೇಸರದಲ್ಲಿ ನನ್ನಂಥ ಶಿಕ್ಷಕರ ಪಾಲೂ ಇದೆ. ನೌಕರಿಗೆ ಸೇರಿದ ಮೊದಲ ಹಲವು ವರ್ಷ, ತಡವಾಗಿ ಬಂದ ಮಕ್ಕಳಿಗೆ ಮೈದಾನದ ಸುತ್ತು ಓಡಿಸುವುದು, ಗಲಾಟೆ ಮಾಡಿದವರಿಗೆ ಐವತ್ತು ಬಸ್ಕಿ ಹೊಡೆಸುವುದು ನನ್ನ ಪದ್ಧತಿಯಾಗಿತ್ತು. ಒಂದು ದಿನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿ, ವೈದ್ಯರು ಓಡಲು ಹೇಳಿದ್ದಾರೆ, ಆದರೆ ಮೈದಾನಕ್ಕೆ ಕಾಲಿಟ್ಟ ಕೂಡಲೇ ತಪ್ಪು ಮಾಡಿ ನಿಂತಿರುವಂತೆ ಅನ್ನಿಸುತ್ತದೆ ಸಾರ್ ಎಂದ. ಓಟವನ್ನು ಶಿಕ್ಷೆಯಾಗಿ ಕಲಿಸಿದವನು ನಾನೇ. ಆ ಮಾತು ಕೇಳಿದ ಮೇಲೆ ಶಾಲೆಯಲ್ಲಿ ಯಾರಿಗೂ ಓಟವನ್ನು ದಂಡನೆಯಾಗಿ ಕೊಡಲಿಲ್ಲ.

ಅದೇ ಮಕ್ಕಳು ಊಟದ ಬಿಡುವಿನಲ್ಲಿ, ಯಾರೂ ಹೇಳದೆ, ಬೆವರು ಇಳಿಯುವವರೆಗೆ ಓಡುತ್ತಿದ್ದರು. ಓಟ ಒಂದೇ, ಮೈದಾನವೂ ಒಂದೇ. ಬಿಡುವಿನ ಓಟದಲ್ಲಿ ಒಂದು ನಿಯಮವಿರುತ್ತಿತ್ತು, ಮುಂದೇನಾಗುವುದೋ ಎಂಬ ಕುತೂಹಲವಿರುತ್ತಿತ್ತು, ಹಿಂದೆ ಅಟ್ಟಿಸಿಕೊಂಡು ಬರುವ ಗೆಳೆಯನಿರುತ್ತಿದ್ದ, ಬೇಡವೆನಿಸಿದಾಗ ನಿಲ್ಲಿಸುವ ಸ್ವಾತಂತ್ರ್ಯವಿರುತ್ತಿತ್ತು. ಮನುಷ್ಯನನ್ನು ಒಳಗಿನಿಂದ ಪ್ರೇರೇಪಿಸುವುದು ಯಾವುದು ಎಂಬುದನ್ನು ದೀರ್ಘಕಾಲ ಅಧ್ಯಯನ ಮಾಡಿದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಸ್ವಂತ ಆಯ್ಕೆ, ಕೈಲಾಗುತ್ತಿದೆ ಎಂಬ ಭಾವ ಮತ್ತು ಇತರರೊಂದಿಗಿನ ನಂಟು ಎಂಬ ಮೂರನ್ನು ಮುಖ್ಯವಾಗಿ ಎಣಿಸುತ್ತಾರೆ. ಊಟದ ಬಿಡುವಿನ ಜೂಟಾಟದಲ್ಲಿ ಈ ಮೂರೂ ಇವೆ, ನನ್ನ ಸುತ್ತು ಓಡಿಸುವ ಶಿಕ್ಷೆಯಲ್ಲಿ ಒಂದೂ ಇರಲಿಲ್ಲ.

ಆದ್ದರಿಂದ ಹೊಸಬರಿಗೆ ನಾನು ಕೇಳುವ ಮೊದಲ ಪ್ರಶ್ನೆ, ಹತ್ತು ವರ್ಷದವರಾಗಿದ್ದಾಗ ನೀವು ಯಾವ ಆಟಕ್ಕಾಗಿ ಊಟ ಮರೆಯುತ್ತಿದ್ದಿರಿ ಎಂಬುದು. ಅಲ್ಲಿಂದ ಆರಂಭಿಸಿದರೆ ದಾರಿ ಸುಲಭವಾಗುತ್ತದೆ.

ದಿನವೂ ವಾಕಿಂಗ್ ಹೋಗುತ್ತೇನೆ. ಅದೇ ರಸ್ತೆ, ಅದೇ ಸುತ್ತು. ಅದನ್ನು ಆಟವಾಗಿಸುವುದು ಹೇಗೆ?

ನಡಿಗೆಗೆ ಒಂದು ಚಿಕ್ಕ ನಿಯಮವನ್ನು ಸೇರಿಸಿ, ಅದು ಆಟವಾಗುತ್ತದೆ. ಎರಡು ದೀಪದ ಕಂಬಗಳ ನಡುವೆ ಬಿರುಸಾಗಿ, ಮುಂದಿನ ಎರಡು ಕಂಬಗಳ ನಡುವೆ ನಿಧಾನವಾಗಿ ನಡೆಯುವುದು ಎಲ್ಲಕ್ಕಿಂತ ಸರಳ. ಸ್ವೀಡನ್ನಿನ ತರಬೇತುದಾರ ಯೋಸ್ಟಾ ಹೋಲ್ಮೆರ್ 1930ರ ದಶಕದಲ್ಲಿ ತನ್ನ ಓಟಗಾರರಿಗೆ ಕಲಿಸಿದ್ದೂ ಇದರ ಹತ್ತಿರದ್ದೇ. ಗಡಿಯಾರ ನೋಡದೆ, ಕಾಡಿನ ದಾರಿಯಲ್ಲಿ ಮನಸ್ಸಿಗೆ ಬಂದ ಮರದವರೆಗೆ ವೇಗವಾಗಿ ಓಡಿ, ಅಲ್ಲಿಂದ ನಿಧಾನಿಸುವ ಆ ಪದ್ಧತಿಗೆ ಫಾರ್ಟ್ಲೆಕ್ ಎಂದು ಹೆಸರು; ಸ್ವೀಡಿಷ್ ಭಾಷೆಯಲ್ಲಿ ಆ ಪದದ ಅರ್ಥವೇ ವೇಗದ ಆಟ. ನಮ್ಮ ಗುಂಪಿನಲ್ಲಿ ಇದಕ್ಕೆ ಇನ್ನೊಂದು ನಿಯಮ ಸೇರಿದೆ. ಎದುರಿಗೆ ಕೆಂಪು ಬಣ್ಣದ ವಾಹನ ಕಂಡರೆ ಮುಂದಿನ ಕಂಬದವರೆಗೆ ಬಿರುಸಿನ ನಡಿಗೆ, ಹಸು ಕಂಡರೆ ವಿಶ್ರಾಂತಿ. ಯಾವುದು ಯಾವಾಗ ಬರುವುದೋ ತಿಳಿಯದ ಕಾರಣ, ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ದಾವಣಗೆರೆಯವರಿಗೆ ಕುಂದವಾಡ ಕೆರೆಯ ಏರಿ ಇದೆ. ಅಲ್ಲಿ ಸುತ್ತು ಹಾಕುವ ನನ್ನ ಬಂಧುಗಳು ಹಕ್ಕಿ ಎಣಿಸುವ ಪಂದ್ಯ ಕಟ್ಟುತ್ತಾರೆ. ಹಿಂದಿನ ದಿನ ಕಾಣದ ಹಕ್ಕಿಯೊಂದನ್ನು ಮೊದಲು ತೋರಿಸಿದವರಿಗೆ ಮುಂದಿನ ಸುತ್ತಿನ ದಿಕ್ಕನ್ನು ಆರಿಸುವ ಹಕ್ಕು. ಭಾನುವಾರಗಳಂದು ಸೋತವರ ಕೈಯಿಂದ ಎಲ್ಲರಿಗೂ ಮಂಡಕ್ಕಿ.

ಚಿತ್ರದುರ್ಗದವರಿಗಂತೂ ಹುಡುಕಾಟದ ಆಟಕ್ಕೆ ಬೇರೆ ಊರೇ ಬೇಡ. ಏಳು ಸುತ್ತಿನ ಕೋಟೆಯೊಳಗೆ ಒಬ್ಬರು ಐದು ಗುರುತುಗಳನ್ನು ಚೀಟಿಯಲ್ಲಿ ಬರೆದುಕೊಡಬೇಕು, ಉಳಿದವರು ಎರಡು ತಂಡಗಳಾಗಿ ಅವುಗಳನ್ನು ಹುಡುಕಿ ಬರಬೇಕು. ಅಕ್ಕ ತಂಗಿ ಹೊಂಡ, ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರನ ಗುಡಿಯ ಎದುರಿನ ಉಯ್ಯಾಲೆ ಕಂಬ, ಟಂಕಸಾಲೆಯ ಮಣ್ಣಿನ ಗೋಡೆ, ಒನಕೆ ಓಬವ್ವನ ಕಿಂಡಿ ಎಂದು ಐದನ್ನು ಬರೆದರೆ ಏರು, ಇಳಿತ, ಮೆಟ್ಟಿಲು, ಬಂಡೆ ಎಲ್ಲವೂ ಅದರಲ್ಲಿ ಬಂದುಬಿಡುತ್ತವೆ. ಇನ್ನೊಂದು ಭಾನುವಾರ ಚಂದ್ರವಳ್ಳಿ. ಕದಂಬ ಮಯೂರಶರ್ಮನ ಕಾಲದ, ಕೆರೆಯ ಕೆಲಸವನ್ನು ಹೇಳುವ ಶಾಸನ ಅಲ್ಲಿಯ ಬಂಡೆಯಲ್ಲಿದೆ. 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ ನೆಲವೂ ಅದೇ. ಶಾಸನವಿರುವ ಬಂಡೆಯನ್ನು ಕೇಳದೆ ಕಂಡುಹಿಡಿಯಿರಿ ಎಂದು ಮಕ್ಕಳಿಗೆ ಹೇಳಿ ಬಿಟ್ಟರೆ, ಅವರ ಹಿಂದೆ ತಂದೆತಾಯಿಯರಿಗೂ ಒಳ್ಳೆಯ ನಡಿಗೆಯಾಗುತ್ತದೆ. ಜೋಗಿಮಟ್ಟಿಯ ಕಡೆ ಹೋಗುವವರಿಗೆ ಮಾತ್ರ ಒಂದು ಎಚ್ಚರಿಕೆ ಹೇಳಬೇಕು. ಅದು ಕರಡಿ, ಚಿರತೆಗಳಿರುವ ಸಂರಕ್ಷಿತ ಅರಣ್ಯ. ನಸುಕಿನಲ್ಲಿ ಅಥವಾ ಒಬ್ಬರೇ ಹೋಗಬಾರದು, ಅರಣ್ಯ ಇಲಾಖೆಯವರು ಅನುಮತಿಸಿದ ದಾರಿಯನ್ನು ಬಿಡಬಾರದು.

ದಿನಕ್ಕೆ 10,000 ಹೆಜ್ಜೆ ಹಾಕಲೇಬೇಕೇ?

ಆ ಸಂಖ್ಯೆ ಹುಟ್ಟಿದ್ದು ವೈದ್ಯಶಾಸ್ತ್ರದಲ್ಲಿ ಅಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ, ಹೆಜ್ಜೆ ಎಣಿಸುವ ಒಂದು ಸಾಧನಕ್ಕೆ ಮಾನ್‌ಪೊ-ಕೆಯ್, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು ಹೆಸರಿಟ್ಟಿದ್ದರು. ಅಲ್ಲಿಂದ ಅದು ಲೋಕಕ್ಕೆಲ್ಲ ಹರಡಿತು. ಅದಕ್ಕಿಂತ ಕಡಿಮೆ ಹೆಜ್ಜೆಗಳಿಂದಲೂ ದೇಹಕ್ಕೆ ಒಳಿತಾಗುತ್ತದೆ. ಎಣಿಸುವುದು ನಿಮಗೆ ಖುಷಿ ಕೊಟ್ಟರೆ ಎಣಿಸಿ, ಇಲ್ಲವಾದರೆ ಬಿಡಿ.

ಕೋಟೆಯ ಮೆಟ್ಟಿಲು ಹತ್ತಿ ಬಂದ ಮರುದಿನ ತೊಡೆಗಳು ಹಿಡಿದುಕೊಳ್ಳುತ್ತವೆ. ಏನೋ ಏಟಾಗಿದೆಯೇ?

ಹೆಚ್ಚಿನ ಸಲ ಅದು ಏಟಲ್ಲ. ಹತ್ತುವುದಕ್ಕಿಂತ ಇಳಿಯುವುದೇ ಈ ನೋವಿಗೆ ಕಾರಣ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕಾಗುತ್ತದೆ. ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಲ್ಲಿ ಇದರಿಂದ ಸೂಕ್ಷ್ಮವಾದ ಹಾನಿಯಾಗಿ, ಮರುದಿನ ಆರಂಭವಾದ ನೋವು ಎರಡು ಮೂರು ದಿನ ಉಳಿದು ತಾನಾಗಿ ಹೋಗುತ್ತದೆ. ಎರಡನೆಯ ಸಲ ಅಷ್ಟು ನೋಯುವುದಿಲ್ಲ. ಕೀಲಿನಲ್ಲಿಯೇ ಚುಚ್ಚುವ ನೋವು ಅಥವಾ ಊತ ಕಂಡರೆ ಮಾತ್ರ ವೈದ್ಯರಿಗೆ ತೋರಿಸಬೇಕು.

ಮೆಟ್ಟಿಲನ್ನು ಆಕರ್ಷಕವಾಗಿಸಲು ಹೊರದೇಶಗಳಲ್ಲಿ ಬಗೆಬಗೆಯ ಪ್ರಯೋಗಗಳು ನಡೆದಿವೆ. 2009ರಲ್ಲಿ ಸ್ಟಾಕ್‌ಹೋಮಿನ ಒಂದು ಮೆಟ್ರೋ ನಿಲ್ದಾಣದ ಮೆಟ್ಟಿಲುಗಳನ್ನು ಪಿಯಾನೋ ಮಾದರಿಯಲ್ಲಿ ಮಾಡಿ, ಹೆಜ್ಜೆಯಿಟ್ಟಲ್ಲೆಲ್ಲ ಸ್ವರ ಬರುವಂತೆ ಮಾಡಿದಾಗ, ಚಲಿಸುವ ಮೆಟ್ಟಿಲನ್ನು ಬಿಟ್ಟು ಜನ ಅದನ್ನೇ ಹತ್ತತೊಡಗಿದರು. ಇಂಥ ಬೆರಗು ಚೆನ್ನ, ಆದರೆ ಬೆರಗು ಹಳೆಯದಾಗುತ್ತದೆ. ನಾವೇ ಬದಲಿಸಿಕೊಳ್ಳಬಹುದಾದ ನಿಯಮ ಅದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ ಎಂಬುದು ನನ್ನ ಅನುಭವ. ಮೆಟ್ಟಿಲಿಗೊಂದರಂತೆ ಅಂತ್ಯಾಕ್ಷರಿಯ ಪದ ಹೇಳುತ್ತಾ ಹತ್ತುವ ಆಟ ನಮ್ಮಲ್ಲಿ ವರ್ಷಗಳಿಂದ ನಡೆದಿದೆ. ಪದ ಸಿಗದವರು ಸಿಗುವವರೆಗೆ ಅಲ್ಲಿಯೇ ನಿಲ್ಲಬೇಕು, ಹೀಗಾಗಿ ಉಸಿರು ಸುಧಾರಿಸಿಕೊಳ್ಳಲು ಮರ್ಯಾದೆಯ ಅವಕಾಶವೂ ದೊರೆಯುತ್ತದೆ.

ಕೋತಿರಾಜ ಎಂದೇ ಹೆಸರಾದ ಜ್ಯೋತಿರಾಜ್ ಕೋಟೆಯ ಗೋಡೆಗಳನ್ನು ಬರಿಗೈಯಲ್ಲಿ ಏರುವುದನ್ನು ನೋಡಿದ ಹುಡುಗರು ತಾವೂ ಪ್ರಯತ್ನಿಸಲು ಹೋಗುತ್ತಾರೆ. ಅವರದು ವರ್ಷಗಟ್ಟಲೆಯ ಸಾಧನೆ. ಯಾವ ಮಗುವನ್ನೂ ಗೋಡೆ ಹತ್ತಲು ಬಿಡಬೇಡಿ.

ದೊಡ್ಡವರು ಆಡಬಹುದಾದ ನಮ್ಮ ಹಳೆಯ ಆಟಗಳು ಯಾವುವು? ಅವುಗಳಿಂದ ನಿಜವಾಗಿ ವ್ಯಾಯಾಮವಾಗುತ್ತದೆಯೇ?

ಈ ಪ್ರಶ್ನೆಗೆ ಉತ್ತರಿಸಲು ನನಗೆ ಎಷ್ಟು ಸಮಯ ಕೊಟ್ಟರೂ ಸಾಲದು. ಹಳ್ಳಿಯ ಬಯಲಿನಲ್ಲಿ ಹುಟ್ಟಿದ ಆಟಗಳಲ್ಲಿ ದೇಹಕ್ಕೆ ಬೇಕಾದ ಬಹುತೇಕ ಚಲನೆಗಳು ಅಡಗಿವೆ.

ಲಗೋರಿಯನ್ನೇ ನೋಡಿ. ಏಳು ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ಚೆಂಡಿನಿಂದ ಉರುಳಿಸಿ, ಎದುರಾಳಿಯ ಚೆಂಡು ಮೈಗೆ ತಾಗುವ ಮೊದಲೇ ಮತ್ತೆ ಪೇರಿಸಬೇಕು. ಎಸೆಯುವಾಗ ಭುಜ ಮತ್ತು ಸೊಂಟ, ತಪ್ಪಿಸಿಕೊಳ್ಳುವಾಗ ಕಾಲು, ಬಿಲ್ಲೆ ಇಡಲು ಕುಳಿತೇಳುವಾಗ ತೊಡೆ ಮತ್ತು ಪೃಷ್ಠದ ಸ್ನಾಯುಗಳು ಕೆಲಸ ಮಾಡುತ್ತವೆ. ಇಪ್ಪತ್ತು ಬಸ್ಕಿ ಹೊಡೆಯಿರಿ ಎಂದರೆ ಮುಖ ಸಿಂಡರಿಸುವವರು ಲಗೋರಿಯಲ್ಲಿ ಅದಕ್ಕಿಂತ ಹೆಚ್ಚು ಸಲ ಕುಳಿತೆದ್ದಿರುತ್ತಾರೆ. ದೊಡ್ಡವರಿಗಾಗಿ ನಾವು ಕಲ್ಲಿನ ಬದಲು ಮರದ ತುಂಡುಗಳನ್ನು, ರಬ್ಬರ್ ಚೆಂಡಿನ ಬದಲು ಹಳೆಯ ಬಟ್ಟೆ ಸುತ್ತಿ ಮಾಡಿದ ಚೆಂಡನ್ನು ಬಳಸುತ್ತೇವೆ. ಮುಖಕ್ಕೆ ಎಸೆದರೆ ಎಸೆದವರೇ ಔಟ್.

ಕುಂಟೆಬಿಲ್ಲೆ ಹೆಣ್ಣುಮಕ್ಕಳ ಆಟವೆಂದು ಗಂಡಸರು ದೂರ ನಿಲ್ಲುತ್ತಾರೆ, ಅದರಲ್ಲಿ ನಷ್ಟ ಅವರದೇ. ಒಂಟಿಕಾಲಿನಲ್ಲಿ ನೆಗೆದು, ನಿಂತು, ಬಗ್ಗಿ ಬಿಲ್ಲೆಯನ್ನು ಎತ್ತಿಕೊಳ್ಳುವಾಗ ಹಿಮ್ಮಡಿಯ ಗಂಟಿನಿಂದ ಸೊಂಟದವರೆಗೆ ಎಲ್ಲವೂ ಸಮತೋಲಕ್ಕಾಗಿ ಹೆಣಗುತ್ತವೆ. ನೆಗೆತದ ಹೊಡೆತಕ್ಕೆ ಮೂಳೆಯೂ ಗಟ್ಟಿಯಾಗುತ್ತದೆ. ಮೂಳೆ ಸವೆತ ಇರುವವರು ಮಾತ್ರ ನೆಗೆಯುವ ಬದಲು ಮನೆಯಿಂದ ಮನೆಗೆ ಹೆಜ್ಜೆಯಿಟ್ಟು, ಪ್ರತಿ ಮನೆಯಲ್ಲೂ ಒಂಟಿಕಾಲಿನಲ್ಲಿ ಮೂರು ಎಣಿಸಿ ನಿಲ್ಲಲಿ.

ಕೆರೆ ದಡ ಆಟಕ್ಕೆ ಒಂದು ಗೆರೆ ಸಾಕು. ನಾಯಕ ಕೆರೆ ಎಂದಾಗ ಗೆರೆಯ ಒಳಕ್ಕೆ, ದಡ ಎಂದಾಗ ಹೊರಕ್ಕೆ ನೆಗೆಯಬೇಕು, ಮಾತು ತಪ್ಪಿದವರು ಹೊರಗೆ. ಐದು ನಿಮಿಷದಲ್ಲಿ ಎದೆಬಡಿತ ಏರುತ್ತದೆ, ಬುದ್ಧಿಯೂ ಚುರುಕಾಗುತ್ತದೆ. ಮಳೆಗಾಲದಲ್ಲಿ ಮೈದಾನ ಕೆಸರಾದಾಗ ನಾವು ಇದನ್ನು ಶಾಲೆಯ ಜಗಲಿಯಲ್ಲಿ ಆಡುತ್ತೇವೆ.

ಖೋ ಖೋ ಮತ್ತು ಕಬಡ್ಡಿ ಹೆಚ್ಚು ತೀವ್ರವಾದವು. ಖೋ ಖೋದಲ್ಲಿ ಕುಳಿತಿರುವ ಎಂಟು ಮಂದಿ ಯಾವ ಕ್ಷಣ ಬೇಕಾದರೂ ಸಿಡಿದೇಳಬೇಕಾಗುವುದರಿಂದ, ನಲವತ್ತು ದಾಟಿದವರ ಮೀನಖಂಡಕ್ಕೂ ಹಿಮ್ಮಡಿಯ ಸ್ನಾಯುರಜ್ಜುವಿಗೂ ಅದು ಅಪಾಯಕರ. ಹೀಗಾಗಿ ನಮ್ಮ ಗುಂಪಿನಲ್ಲಿ ಕೂರುವುದಿಲ್ಲ, ಬಾಗಿ ನಿಲ್ಲುತ್ತೇವೆ, ಮತ್ತು ಓಡುವ ಬದಲು ಬಿರುಸಾಗಿ ನಡೆಯುತ್ತೇವೆ. ನಡಿಗೆಯ ಖೋ ಖೋ ಎಂದರೆ ಕೇಳಿದವರಿಗೆ ಸಪ್ಪೆ ಎನಿಸಬಹುದು; ಆಡಿದವರು ಹಾಗೆನ್ನುವುದಿಲ್ಲ. ಕಬಡ್ಡಿಯನ್ನು ಹಿಡಿತವಿಲ್ಲದೆ, ಬರೀ ಮುಟ್ಟುವ ಆಟವಾಗಿ ಆಡುತ್ತೇವೆ. ಚಿನ್ನಿದಾಂಡುವನ್ನು ಜನಸಂಚಾರವಿಲ್ಲದ ಬಯಲಿನಲ್ಲಿ ಮಾತ್ರ ಆಡಬೇಕು, ಏಕೆಂದರೆ ಹಾರಿಬಂದ ಚಿನ್ನಿ ಕಣ್ಣಿಗೆ ಬಡಿದರೆ ಆಗುವ ಹಾನಿ ದೊಡ್ಡದು.

ತೂಕ ಎತ್ತದೆ ಮೈಗೆ ಕಸುವು ಬರುತ್ತದೆಯೇ?

ನಮ್ಮ ಮೈಭಾರವೇ ಸಾಕಷ್ಟು ದೊಡ್ಡ ತೂಕ. ದಂಡ ಹೊಡೆಯುವಾಗ ಎದೆ, ಭುಜ, ತೋಳುಗಳು ಆ ಭಾರವನ್ನು ಎತ್ತುತ್ತವೆ, ಬಸ್ಕಿಯಲ್ಲಿ ಕಾಲುಗಳು. ನೆಲದ ಮೇಲೆ ದಂಡ ಆಗದವರು ಗೋಡೆಗೆ ಕೈಯೂರಿ ಆರಂಭಿಸಲಿ. ಕೆಲವು ವಾರಗಳ ಬಳಿಕ ಕಟ್ಟೆಗೆ, ಆಮೇಲೆ ನೆಲಕ್ಕೆ. ದಿನ ಕಳೆದಂತೆ ಭಾರವನ್ನೋ ಎಣಿಕೆಯನ್ನೋ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದರೆ ಮಾತ್ರ ಸ್ನಾಯು ಬಲವಾಗುತ್ತದೆ.

ಇದನ್ನು ಆಟವಾಗಿಸಲು ನಾವು ಚೌಕಾಬಾರದ ನಾಲ್ಕು ಕವಡೆಗಳನ್ನು ಬಳಸುತ್ತೇವೆ. ಸುತ್ತಲೂ ನಿಂತು ಸರದಿಯಂತೆ ಕವಡೆ ಹಾಕುವುದು. ಒಂದು ಬಿದ್ದರೆ ಐದು ಬಸ್ಕಿ, ಎರಡು ಬಿದ್ದರೆ ಐದು ದಂಡ, ಮೂರು ಬಿದ್ದರೆ ಒಂಟಿಕಾಲಿನ ಮೇಲೆ ಇಪ್ಪತ್ತು ಎಣಿಸುವವರೆಗೆ ನಿಲ್ಲುವುದು. ಚೌಕ ಬಿದ್ದರೆ ಹಾಕಿದವರಿಗೆ ವಿಶ್ರಾಂತಿ, ಬಾರ ಬಿದ್ದರೆ ಉಳಿದವರೆಲ್ಲರಿಂದ ಏನು ಮಾಡಿಸಬೇಕೆಂಬ ತೀರ್ಮಾನ ಅವರದು. ಕವಡೆ ಉರುಳುವಾಗ ಎಲ್ಲರ ಕಣ್ಣೂ ಅದರ ಮೇಲಿರುತ್ತದೆ, ದಣಿವಿನ ಕಡೆಗೆ ಗಮನವೇ ಹೋಗುವುದಿಲ್ಲ. ಇಬ್ಬರು ಎದುರುಬದುರಾಗಿ ಟವೆಲ್ಲಿನ ಎರಡು ತುದಿ ಹಿಡಿದು ಜಗ್ಗುವುದೂ ಬೆನ್ನಿಗೆ ಒಳ್ಳೆಯದು, ಏಕೆಂದರೆ ದಂಡ ಬಸ್ಕಿಗಳಲ್ಲಿ ಎಳೆಯುವ ಚಲನೆ ಇರುವುದಿಲ್ಲ. ಹಳ್ಳಿಗಳಲ್ಲಿ ಹಬ್ಬದ ದಿನ ಗುಂಡುಕಲ್ಲು ಎತ್ತುವ ಪಂದ್ಯವನ್ನು ಕಂಡು ತಟ್ಟನೆ ಎತ್ತಲು ಹೋಗಬೇಡಿ. ಅದಕ್ಕೆ ಬಲಕ್ಕಿಂತ ಮೊದಲು ಬಗ್ಗುವ ಕ್ರಮ ತಿಳಿದಿರಬೇಕು.

ನಾನು ಗೃಹಿಣಿ. ಮೈದಾನದಲ್ಲಿ ಆಡಿದರೆ ಜನ ಏನೆಂದಾರು ಎಂಬ ಸಂಕೋಚ. ಬೇರೆ ದಾರಿ ಇದೆಯೇ?

ನಿಮ್ಮ ಸಂಕೋಚವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಗುಂಪಿಗೆ ಮೊದಲು ಬಂದ ಮಹಿಳೆಯರು ಮೂವರು, ಮೂವರೂ ಒಂದೇ ಬೀದಿಯವರು, ಒಟ್ಟಿಗೇ ಬಂದರು. ಒಬ್ಬರೇ ಬಂದಿದ್ದರೆ ಎರಡನೆಯ ದಿನ ಬರುತ್ತಿರಲಿಲ್ಲ ಎಂದು ಅವರೇ ಹೇಳುತ್ತಾರೆ. ಆದ್ದರಿಂದ ಪಕ್ಕದ ಮನೆಯವರನ್ನು ಜೊತೆ ಮಾಡಿಕೊಳ್ಳುವುದು ಮೊದಲ ಹೆಜ್ಜೆ. ಮೈದಾನವೇ ಬೇಕೆಂದಿಲ್ಲ, ಮನೆಯ ತಾರಸಿಯೂ ಆದೀತು. ಕೋಲಾಟದ ಎರಡು ಕೋಲು ಮತ್ತು ನಾಲ್ಕು ಜನ ಸೇರಿದರೆ, ಸುತ್ತುವ, ಬಗ್ಗುವ, ತೋಳು ಬೀಸುವ ಅರ್ಧ ಗಂಟೆಯ ಒಳ್ಳೆಯ ವ್ಯಾಯಾಮ ಆಗುತ್ತದೆ. ನಾಗರ ಪಂಚಮಿಗೆ ಕಟ್ಟಿದ ಜೋಕಾಲಿಯನ್ನು ಮಕ್ಕಳಿಗೇ ಬಿಟ್ಟುಕೊಡಬೇಡಿ; ನಿಂತು ಜೀಕುವಾಗ ಮೊಣಕಾಲು, ಹೊಟ್ಟೆ, ಮುಂಗೈ ಎಲ್ಲಕ್ಕೂ ಕೆಲಸವಿದೆ. ಸೀರೆ ಕಾಲಿಗೆ ತೊಡರುವ ಆಟಗಳಿಗೆ ಚೂಡಿದಾರ ಕ್ಷೇಮ. ಚಪ್ಪಲಿಯಲ್ಲಿ ಓಡಬೇಡಿ.

ಮನೆಗೆಲಸವೇ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ನೆಲ ಒರೆಸುವುದು, ನೀರು ಹೊರುವುದು ನಿಜವಾದ ಶ್ರಮ, ಲೆಕ್ಕಕ್ಕೂ ಬರುತ್ತದೆ. ಆದರೆ ಅದರಲ್ಲಿ ನಿಮ್ಮ ಸಂತೋಷಕ್ಕಾಗಿ ಇಟ್ಟ ಹೊತ್ತು ಇಲ್ಲ. ಆ ಹೊತ್ತು ನಿಮಗೂ ಸಲ್ಲಬೇಕು.

ಬೇಸಿಗೆಯಲ್ಲಿ ಏನು ಮಾಡುವುದು?

ಏಪ್ರಿಲ್‌ನಲ್ಲಿ ನಮ್ಮ ಜಿಲ್ಲೆಗಳ ಬಿಸಿಲು ಆಟಕ್ಕೆ ತಕ್ಕದ್ದಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ಆರಂಭಿಸಿ ಏಳೂವರೆಯೊಳಗೆ ಮುಗಿಸುತ್ತೇವೆ. ಸಂಜೆ ಕೋಟೆಗೆ ಹೋಗುವವರು ಗಮನಿಸಬೇಕಾದದ್ದು, ಬಂಡೆ ಹಗಲೆಲ್ಲ ಹೀರಿದ ಕಾವನ್ನು ಸೂರ್ಯ ಇಳಿದ ಮೇಲೂ ಉಗುಳುತ್ತಲೇ ಇರುತ್ತದೆ ಎಂಬುದನ್ನು. ಆಟಕ್ಕೆ ಮೊದಲು ಮತ್ತು ನಡುವೆ ನೀರು, ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ರಾಗಿ ಅಂಬಲಿ ಕುಡಿಯಿರಿ. ತಲೆ ಸುತ್ತಿದರೆ, ವಾಕರಿಕೆ ಬಂದರೆ, ಮಾತು ತೊದಲಿದರೆ ಆಟ ನಿಲ್ಲಿಸಿ ನೆರಳಿಗೆ ಕರೆತಂದು ಮೈಗೆ ನೀರು ಹಾಕಿ ತಣಿಸಬೇಕು. ಮಾತು ತೊದಲುವುದು, ಮಂಪರು ಕವಿಯುವುದು ಗಂಭೀರ ಸೂಚನೆ. ಮೈ ತಣಿಸುತ್ತಿರುವಾಗಲೇ 108ಕ್ಕೆ ಕರೆ ಮಾಡಿ.

ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ಆಡಬಹುದೇ?

ಆಡಬಹುದು, ಆಡುವುದು ಅವರಿಗೆ ಇನ್ನೂ ಹೆಚ್ಚು ಅಗತ್ಯ. ಆದರೆ ತಮ್ಮ ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ, ಕೆಲಸ ಮಾಡುವ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಬಳಸಿಕೊಳ್ಳುವುದರಿಂದ ಅದು ಏರುವ ಪ್ರಮಾಣ ತಗ್ಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಸಕ್ಕರೆ ಇಳಿಸುವ ಕೆಲವು ಮಾತ್ರೆ ಸೇವಿಸುವವರಿಗೂ ಆಟದ ನಡುವೆ ಸಕ್ಕರೆ ತೀರಾ ಇಳಿಯಬಹುದು. ಅವರ ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇರಲಿ, ಜೊತೆಯವರಿಗೆ ವಿಷಯ ತಿಳಿದಿರಲಿ. ಪಾದದ ಸ್ಪರ್ಶ ಕಡಿಮೆಯಾಗಿರುವವರು ಬರಿಗಾಲಿನಲ್ಲಿ ಆಡಕೂಡದು. ಬಿ.ಪಿ. ಇರುವವರು ದಂಡ ಹೊಡೆಯುವಾಗ, ಜಗ್ಗುವಾಗ ಉಸಿರು ಬಿಗಿಹಿಡಿಯಬಾರದು, ಏಕೆಂದರೆ ಆಗ ರಕ್ತದೊತ್ತಡ ಹಠಾತ್ತನೆ ಏರುತ್ತದೆ. ಗಟ್ಟಿಯಾಗಿ ಎಣಿಸುತ್ತಾ ಮಾಡಿದರೆ ಉಸಿರು ತಾನಾಗಿ ಆಡುತ್ತದೆ.

ಎದೆ ಬಿಗಿತ, ಎಡತೋಳಿಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು ಇವುಗಳಲ್ಲಿ ಯಾವುದು ಕಂಡರೂ ಗ್ಯಾಸ್ಟ್ರಿಕ್ ಇರಬಹುದೆಂದು ಕಾಯದೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಈ ಮಾತನ್ನು ಪ್ರತಿ ತಿಂಗಳೂ ಗುಂಪಿನಲ್ಲಿ ಮತ್ತೆ ಹೇಳುತ್ತೇನೆ.

ಅರವತ್ತೈದು ದಾಟಿದವರಿಗೆ ಯಾವ ಆಟ?

ಬಿದ್ದು ಮೂಳೆ ಮುರಿಯುವುದೇ ಆ ವಯಸ್ಸಿನ ದೊಡ್ಡ ಭಯವಾದ್ದರಿಂದ, ಅವರಿಗೆ ವಾರದಲ್ಲಿ 3 ದಿನವಾದರೂ ಸಮತೋಲವನ್ನು ಬೆಳೆಸುವ ಚಟುವಟಿಕೆ ಇರಬೇಕೆಂದು ಮೊದಲು ಹೇಳಿದ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ನೆಲದ ಮೇಲೆ ಗೆರೆ ಎಳೆದು ಹಿಮ್ಮಡಿಗೆ ಬೆರಳು ತಾಗಿಸುತ್ತಾ ನಡೆಯುವುದು, ಗೋಡೆಯ ಪಕ್ಕ ಒಂಟಿಕಾಲಿನಲ್ಲಿ ನಿಂತು ಚೆಂಡು ಹಿಡಿಯುವುದು, ಕುರ್ಚಿಯಿಂದ ಕೈಯೂರದೆ ಏಳುವುದು ಇವೆಲ್ಲ ಅವರಿಗೆ ಒಪ್ಪುವ ಆಟಗಳು. ನಮ್ಮ ಗುಂಪಿನ ಹಿರಿಯರು ಮಕ್ಕಳಿಗೆ ನಿಂಬೆಹಣ್ಣು ಮತ್ತು ಚಮಚದ ನಡಿಗೆಯಲ್ಲಿ ಪೈಪೋಟಿ ಕೊಡುತ್ತಾರೆ.

ಮಕ್ಕಳು ಮೊಬೈಲ್ ಬಿಡುವುದಿಲ್ಲ. ಅವರನ್ನು ಹೊರಗೆ ಕರೆತರುವುದು ಹೇಗೆ?

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕು. ಹೋಗಿ ಆಡಿಕೋ ಎಂದು ಹೇಳುವ ತಂದೆ ತಾವೇ ಮೊಬೈಲ್ ಹಿಡಿದು ಕುಳಿತಿದ್ದರೆ ಮಗು ಏಳುವುದಿಲ್ಲ. ನಿಮ್ಮ ಬಾಲ್ಯದ ಆಟವೊಂದನ್ನು ಅವರಿಗೆ ಕಲಿಸಿ, ಅವರು ಕಂಡುಹಿಡಿದ ಒಂದು ನಿಯಮವನ್ನು ಅದಕ್ಕೆ ಸೇರಿಸಲು ಬಿಡಿ. ನಿಯಮ ಮಾಡಿದ ಮಗು ಆಟವನ್ನು ಬಿಟ್ಟು ಹೋಗುವುದಿಲ್ಲ. ಇದನ್ನು ಶಾಲೆಯಲ್ಲಿ ವರ್ಷಗಟ್ಟಲೆ ಕಂಡಿದ್ದೇನೆ.

ಸ್ಪರ್ಧೆ ಇದ್ದರೆ ಸೋಲುವವರಿಗೆ ಬೇಸರವಾಗುವುದಿಲ್ಲವೇ?

ಆಗುತ್ತದೆ, ಅದೇ ಜನ ಪ್ರತಿದಿನವೂ ಸೋತರೆ. ಆದ್ದರಿಂದ ತಂಡಗಳನ್ನು ದಿನವೂ ಚೀಟಿ ಎತ್ತಿ ಬದಲಿಸಬೇಕು, ಚುರುಕಾಗಿರುವವರಿಗೆ ಸ್ವಲ್ಪ ತೊಡಕು ಕೊಡಬೇಕು. ನಮ್ಮಲ್ಲಿ ಚೆನ್ನಾಗಿ ಎಸೆಯುವವರು ಎಡಗೈಯಲ್ಲಿ ಎಸೆಯಬೇಕು. ಔಟಾದವರು ಆಟದಿಂದ ಹೊರಗೆ ಕೂರುವ ಪದ್ಧತಿಯನ್ನೂ ತೆಗೆದುಹಾಕಿದ್ದೇವೆ, ಏಕೆಂದರೆ ಮೊದಲು ಔಟಾಗುವವರೇ ಆಟದ ಅಗತ್ಯ ಹೆಚ್ಚಾಗಿ ಇರುವವರು. ಅವರು ಎದುರಿನ ತಂಡಕ್ಕೆ ಸೇರಿಕೊಂಡು ಆಡುತ್ತಾರೆ.

ಆಡಿದರೆ ತೂಕ ಇಳಿಯುತ್ತದೆಯೇ?

ಸ್ವಲ್ಪ ಇಳಿಯಬಹುದು, ಆದರೆ ತೂಕವನ್ನು ಹೆಚ್ಚಾಗಿ ನಿರ್ಧರಿಸುವುದು ತಟ್ಟೆ. ಬೆಳಗಿನ ಆಟ ಮುಗಿಸಿ ಎರಡು ಬೆಣ್ಣೆ ದೋಸೆ ತಿಂದರೆ ಬಳಸಿದ ಶಕ್ತಿ ಅಲ್ಲಿಗೇ ಮರಳುತ್ತದೆ. ತೂಕ ಇಳಿಯದಿದ್ದರೂ ರಕ್ತದೊತ್ತಡ, ಸಕ್ಕರೆ, ನಿದ್ದೆ, ಮನಸ್ಸಿನ ಉಲ್ಲಾಸ ಇವುಗಳಲ್ಲಿ ಒಳಿತಾಗುತ್ತದೆ. ತಕ್ಕಡಿಯ ಮುಳ್ಳನ್ನು ನೋಡಿ ಆಟ ಬಿಟ್ಟವರನ್ನು ಮತ್ತೆ ಕರೆತರುವುದು ನನಗೆ ಬಹಳ ಕಷ್ಟವಾಗಿದೆ.

ಎರಡು ವಾರ ಉತ್ಸಾಹದಿಂದ ಬರುತ್ತೇನೆ, ಮದುವೆ, ಹಬ್ಬ ಎಂದು ತಪ್ಪಿದರೆ ಮತ್ತೆ ಬರಲು ಆಗುವುದಿಲ್ಲ. ಏನು ಮಾಡಲಿ?

ಇದು ಎಲ್ಲ ಕಡೆಯೂ ಕಂಡಿರುವ ಸಂಗತಿ. ಅಮೆರಿಕದ ಕೇಟಿ ಮಿಲ್ಕ್‌ಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುತೂಹಲ ಕೆರಳಿಸುವ ಕಾದಂಬರಿಗಳ ಧ್ವನಿಮುದ್ರಣವನ್ನು ವ್ಯಾಯಾಮದ ಸ್ಥಳದಲ್ಲಿ ಮಾತ್ರ ಕೇಳಲು ಅವಕಾಶವಿದ್ದವರು ಮೊದಮೊದಲು ಉಳಿದವರಿಗಿಂತ ಹೆಚ್ಚು ಬಾರಿ ಅಲ್ಲಿಗೆ ಹೋದರು. ನಡುವೆ ಹಬ್ಬದ ರಜೆ ಬಂದ ಮೇಲೆ ಆ ವ್ಯತ್ಯಾಸ ಕರಗಿಹೋಯಿತು. ಅಂದರೆ ಬಿಡುವು ಬಂದಾಗ ಅಭ್ಯಾಸ ಮುರಿಯುವುದು ಸಹಜ. ಮತ್ತೆ ಕೂಡಿಸಿಕೊಳ್ಳುವ ಉಪಾಯವನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು. ನಮ್ಮ ಗುಂಪಿನಲ್ಲಿ ಅದಕ್ಕೆ ಒಂದು ಕ್ರಮವಿದೆ. ಮೂರು ದಿನ ಬಾರದವರ ಮನೆಯ ಮುಂದೆ ನಾಲ್ಕನೆಯ ದಿನ ಬೆಳಿಗ್ಗೆ ಇಬ್ಬರು ಹೋಗಿ ಕರೆಯುತ್ತಾರೆ, ಏಕೆ ಬರಲಿಲ್ಲ ಎಂದು ಕೇಳುವುದಿಲ್ಲ. ಮರಳಿ ಬಂದವರಿಗೆ ಆ ದಿನದ ಆಟವನ್ನು ಆರಿಸುವ ಹಕ್ಕಿರುತ್ತದೆ. ಕಳೆದ ಯುಗಾದಿಯ ನಂತರ ಹೀಗೆ ಮರಳಿ ಬಂದ ನಿವೃತ್ತ ಉಪನ್ಯಾಸಕರೊಬ್ಬರು ಬುಗುರಿಯನ್ನು ಆರಿಸಿದರು, ಜೇಬಿನಲ್ಲಿ ತಂದೂ ಇದ್ದರು. ಅಂದು ನಾವೆಲ್ಲರೂ ಚಾಟಿ ಬೀಸುತ್ತಾ, ಬುಗುರಿಗಾಗಿ ಬಗ್ಗುತ್ತಾ ಏಳುತ್ತಾ ಎಂಟು ಗಂಟೆಯಾದರೂ ಮೈದಾನ ಬಿಟ್ಟಿರಲಿಲ್ಲ.